ಆಫೀಸಿನಲ್ಲಿ ಕೆಲವರಿಗೆ ಮಾತ್ರ ನೆಟ್ ಹೋಗುತ್ತಿದೆ, ಎಲ್ಲಿಂದ ಹುಡುಕಬೇಕು?

ಕೇಳಿದವರು (ತೆರಿಗೆ ಸಲಹಾ ಕಚೇರಿ, ದಾವಣಗೆರೆ):
ನಮ್ಮದು ಚಿಕ್ಕ ಆಫೀಸು. 14 ಕಂಪ್ಯೂಟರ್, ಒಂದು ಫೈಬರ್ ಲೈನ್, ಒಂದೇ ರೂಟರ್. ಬೆಳಿಗ್ಗೆ ಚೆನ್ನಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೂರು ನಾಲ್ಕು ಜನರಿಗೆ ನೆಟ್ ಬರುವುದಿಲ್ಲ, ಪಕ್ಕದ ಸೀಟಿನವರಿಗೆ ಬರುತ್ತಿರುತ್ತದೆ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ, ಮಾರನೇ ದಿನ ಮತ್ತೆ ಅದೇ ಕಥೆ. ಲೈನ್ ಕೊಟ್ಟವರು ಬಂದು ನೋಡಿ, ನಮ್ಮ ಕಡೆ ಎಲ್ಲ ಸರಿ ಇದೆ ಎಂದು ಹೋದರು. 20ನೇ ತಾರೀಖಿನೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು. ಯಾರಿಗಾದರೂ ಹೀಗಾಗಿದೆಯಾ?

ನೆಟ್‌ವರ್ಕ್ ಸರ್ವಿಸ್ ಮಾಡುವವರು, ತುಮಕೂರು:
ಮೇಡಂ, ಪಕ್ಕದವರಿಗೆ ಬರುತ್ತಿದೆ ಎಂದರೆ ಲೈನ್ ಸರಿಯಾಗಿಯೇ ಇದೆ. ತೊಂದರೆ ಆಫೀಸಿನ ಒಳಗೇ ಇದೆ. ನಾಳೆ ಹೀಗಾದಾಗ ದಯವಿಟ್ಟು ರೂಟರ್ ಮುಟ್ಟಬೇಡಿ. ಆಫ್ ಮಾಡಿದ ಕೂಡಲೇ ಇದ್ದ ಸುಳಿವೆಲ್ಲ ಅಳಿಸಿಹೋಗುತ್ತದೆ. ಐದು ನಿಮಿಷ ತಡೆದುಕೊಳ್ಳಿ.

ನೆಟ್ ಬಾರದ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್‌ಫಿಗ್ (ipconfig) ಎಂದು ಟೈಪ್ ಮಾಡಿ. ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿನ ನಂಬರ್, 169.254 ಎಂದು ಶುರುವಾಗುತ್ತದಾ ನೋಡಿ. ಹಾಗಿದ್ದರೆ ಅದು ರೂಟರ್ ಕೊಟ್ಟ ನಂಬರ್ ಅಲ್ಲ. ಕೇಳಿದರೂ ಯಾರೂ ಕೊಡದೆ ಹೋದಾಗ ವಿಂಡೋಸ್ ತಾನೇ ಹಾಕಿಕೊಳ್ಳುವ ನಂಬರ್. ನಿಮ್ಮ ಲಕ್ಷಣ ನೋಡಿದರೆ ನನಗೆ ಇದೇ ಅನುಮಾನ.

ಯಾಕೆ ಅಂದರೆ, ರೂಟರಿನಲ್ಲಿ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಒಂದು ಪಟ್ಟಿಯಿಂದ ನಂಬರ್ ಹಂಚುತ್ತದೆ. ಕೆಲವು ರೂಟರುಗಳಲ್ಲಿ ಆ ಪಟ್ಟಿಯನ್ನು ತುಂಬ ಚಿಕ್ಕದಾಗಿ ಇಟ್ಟಿರುತ್ತಾರೆ. 14 ಕಂಪ್ಯೂಟರಿಗೆ ಧಾರಾಳ ಸಾಕು ಅನ್ನಿಸುತ್ತದೆ. ಆದರೆ ಸಿಬ್ಬಂದಿಯ ಫೋನು, ಪ್ರಿಂಟರು, ಸಿಸಿಟಿವಿ, ಅದರ ಮೇಲೆ ಬಂದ ಕ್ಲೈಂಟುಗಳಿಗೆಲ್ಲ ವೈಫೈ ಪಾಸ್‌ವರ್ಡ್. ಕ್ಲೈಂಟ್ ಹತ್ತು ನಿಮಿಷ ಕೂತು ಹೋದರೂ ಅವರ ಫೋನಿಗೆ ಕೊಟ್ಟ ನಂಬರ್ ವಾಪಸ್ ಬರುವುದಿಲ್ಲ. ಲೀಸ್, ಅಂದರೆ ನಂಬರ್ ಇಟ್ಟುಕೊಳ್ಳುವ ಅವಧಿ, 24 ಗಂಟೆ ಇದ್ದರೆ ಅಷ್ಟು ಹೊತ್ತು ಅದು ಅವರ ಹೆಸರಿನಲ್ಲೇ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಖಾಲಿ. ತಡವಾಗಿ ಸಿಸ್ಟಂ ಆನ್ ಮಾಡಿದವರಿಗೆ ನಂಬರ್ ಸಿಗುವುದಿಲ್ಲ. ಎಷ್ಟೋ ರೂಟರುಗಳು ಆಫ್ ಮಾಡಿದಾಗ ಈ ಲೆಕ್ಕವನ್ನೇ ಮರೆತುಬಿಡುತ್ತವೆ, ಅದಕ್ಕೇ ಸರಿಹೋದ ಹಾಗೆ ಕಾಣುತ್ತದೆ.

ನಂಬರ್ ಸರಿಯಾಗಿದ್ದು, 192.168.1.25 ಅಂಥದ್ದು ಇದ್ದರೆ, ಮೊದಲು ರೂಟರಿಗೆ ಪಿಂಗ್ ಮಾಡಿ, ಅಂದರೆ ಕಮಾಂಡ್ ಪ್ರಾಂಪ್ಟಿನಲ್ಲಿ ping ಎಂದು ಬರೆದು ಪಕ್ಕದಲ್ಲಿ ರೂಟರಿನ ನಂಬರ್ ಹಾಕಿ, ಉತ್ತರ ಬರುತ್ತದಾ ನೋಡಿ. ಸಾಮಾನ್ಯವಾಗಿ 192.168.1.1. ಉತ್ತರ ಬರದಿದ್ದರೆ ಕೇಬಲ್ ಅಥವಾ ಸ್ವಿಚ್ (ಎಲ್ಲ ನೆಟ್ ಕೇಬಲ್ ಸೇರುವ ಪೆಟ್ಟಿಗೆ) ನೋಡಿ. ಉತ್ತರ ಬಂದರೆ ಹೊರಗಿನ 8.8.8.8ಗೆ (ಗೂಗಲ್‌ನ ಸರ್ವರ್) ಪಿಂಗ್ ಮಾಡಿ. ಅದಕ್ಕೂ ಬಂದು, ಬ್ರೌಸರಿನಲ್ಲಿ ಮಾತ್ರ ಯಾವ ಸೈಟೂ ತೆರೆಯದಿದ್ದರೆ ಡಿಎನ್‌ಎಸ್ ಮೇಲೆ, ಅಂದರೆ ಸೈಟಿನ ಹೆಸರಿಗೆ ನಂಬರ್ ಹುಡುಕಿಕೊಡುವ ವ್ಯವಸ್ಥೆಯ ಮೇಲೆ, ಅನುಮಾನ ಪಡಿ. ಡಿಎನ್‌ಎಸ್ ಜಾಗದಲ್ಲಿ 8.8.8.8 ಅಥವಾ 1.1.1.1 ಹಾಕಿ ನೋಡಿದರೆ ಗೊತ್ತಾಗುತ್ತದೆ.

ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು, ಶಿರಸಿ:
ಸರ್ ಹೇಳಿದ್ದು ಸರಿ. ಇನ್ನೊಂದು ಸಾಧ್ಯತೆಯೂ ಇದೆ. ನೆಟ್ ಬರುವ ಕಂಪ್ಯೂಟರಿನಲ್ಲಿ 192.168.1 ಇದ್ದು, ಬಾರದ್ದರಲ್ಲಿ 192.168.0 ಇದೆಯಾ ನೋಡಿ. ನಮ್ಮಲ್ಲಿ ಹಾಗಾಗಿತ್ತು. ಸಿಗ್ನಲ್ ಸಿಗಲಿ ಎಂದು ಯಾರೋ ಹಳೆಯ ರೂಟರ್ ತಂದು ಗೋಡೆಯ ಪಾಯಿಂಟಿಗೆ ಸಿಕ್ಕಿಸಿದ್ದರು. ಅದೂ ನಂಬರ್ ಹಂಚಲು ಕೂತಿತ್ತು! ಯಾವ ರೂಟರ್ ಮೊದಲು ಉತ್ತರ ಕೊಟ್ಟರೆ ಆ ಕಂಪ್ಯೂಟರ್ ಅದರ ಪಾಲು. ಹಳೆಯ ರೂಟರಿನ ಡಿಎಚ್‌ಸಿಪಿ ಆಫ್ ಮಾಡಿದ ಮೇಲೆ ನೆಮ್ಮದಿಯಾಯಿತು.

ಇಡೀ ಆಫೀಸಿಗೆ ಒಟ್ಟಿಗೇ ನೆಟ್ ನಿಂತು, ಸ್ವಿಚ್ಚಿನ ದೀಪಗಳೆಲ್ಲ ಒಂದೇ ಸಮನೆ ಪಟಪಟ ಮಿನುಗುತ್ತಿದ್ದರೆ ಬೇರೆಯದೇ ರೋಗ. ಕಸ ಗುಡಿಸುವಾಗ ಬಿದ್ದ ಕೇಬಲ್ ತುದಿಯನ್ನು ಒಳ್ಳೆಯ ಮನಸ್ಸಿನಿಂದಲೇ ಯಾರಾದರೂ ಅದೇ ಸ್ವಿಚ್ಚಿಗೆ ಚುಚ್ಚಿರುತ್ತಾರೆ. ಎರಡೂ ತುದಿ ಒಂದೇ ಸ್ವಿಚ್ಚಿನಲ್ಲಿ. ಅಗ್ಗದ ಸ್ವಿಚ್ಚಿಗೆ ಅದನ್ನು ತಡೆಯುವುದು ಗೊತ್ತಿಲ್ಲ, ಸಂದೇಶ ಸುತ್ತುತ್ತಲೇ ಇರುತ್ತದೆ. ಒಂದೊಂದೇ ಕೇಬಲ್ ಕಿತ್ತು ನೋಡಬೇಕು.

ಔಷಧ ಏಜೆನ್ಸಿ, ಹಾಸನ:
ನಮಗೆ ನೆಟ್ ಹೋಗುತ್ತಿರಲಿಲ್ಲ, ಒಬ್ಬರ ಸಿಸ್ಟಂ ಮಾತ್ರ ನಿಧಾನ. ನೋಡಿದರೆ ಅದಕ್ಕೆ 1 ಜಿಬಿಪಿಎಸ್ ಬದಲು 100 ಎಂಬಿಪಿಎಸ್ ಲಿಂಕ್. ಕೇಬಲಿನಲ್ಲಿ ನಾಲ್ಕು ಜೋಡಿ ತಂತಿ ಇರುತ್ತದೆ. ಗಿಗಾಬಿಟ್‌ಗೆ ನಾಲ್ಕೂ ಬೇಕು, 100ಕ್ಕೆ ಎರಡೇ ಸಾಕು. ಕುರ್ಚಿ ಚಕ್ರ ಹತ್ತಿ ಹತ್ತಿ ಒಂದು ಜೋಡಿ ತುಂಡಾಗಿತ್ತು. ಕೇಬಲ್ ಬದಲಿಸಿದೆವು, ಮುಗಿಯಿತು. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ದೀಪ ಕೆಂಪಾದರೆ ಮಾತ್ರ ಲೈನಿನವರಿಗೆ ಧೈರ್ಯವಾಗಿ ಫೋನ್ ಮಾಡಿ. ಬೆಳಕು ಬರುತ್ತಿಲ್ಲ ಎಂದೇ ಅದರ ಅರ್ಥ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಕೇಳಿದವರು:
ನೋಡಿದೆ. ನೆಟ್ ಬಾರದ ಮೂರರಲ್ಲೂ 169.254! ರೂಟರಿನಲ್ಲಿ ಪಟ್ಟಿ 192.168.1.100ರಿಂದ 149ರವರೆಗೆ ಮಾತ್ರ ಇತ್ತು, ಅಷ್ಟೂ ತುಂಬಿದೆ. ಪ್ರಿಂಟರಿಗೆ ಯಾರೋ 120 ಎಂದು ಕೈಯಾರೆ ಕೊಟ್ಟಿದ್ದಾರೆ. ಇದೂ ತೊಂದರೆಯಾ?

ತುಮಕೂರಿನವರು:
ಹೌದು ಮೇಡಂ. ಅದೇ 120ನ್ನು ರೂಟರ್ ಇನ್ನೊಬ್ಬರಿಗೆ ಕೊಟ್ಟ ದಿನ ಅವರ ನೆಟ್ಟೂ ಪ್ರಿಂಟೂ ಎರಡೂ ಕೈಕೊಡುತ್ತವೆ. ಪ್ರಿಂಟರಿಗೆ ಪಟ್ಟಿಯ ಹೊರಗಿನ 192.168.1.20 ಕೊಡಿ, ಆ ನಂಬರ್ ಬೇರೆ ಯಾವುದಕ್ಕೂ ಹೋಗಿಲ್ಲ ಅಂತ ಮೊದಲು ನೋಡಿಕೊಳ್ಳಿ. ಪ್ರಿಂಟರ್ ಬದಲಾಯಿಸಿದ ಮೇಲೆ ಎಲ್ಲ ಕಂಪ್ಯೂಟರಿನಲ್ಲೂ ಅದರ ಪೋರ್ಟ್ (ಪ್ರಿಂಟರ್ ಎಲ್ಲಿದೆ ಎಂದು ಕಂಪ್ಯೂಟರಿಗೆ ಕೊಟ್ಟಿರುವ ನಂಬರ್) ಬದಲಿಸಬೇಕಾಗಬಹುದು. ಪಟ್ಟಿಯನ್ನು 50ರಿಂದ 250ರವರೆಗೆ ಹಿಗ್ಗಿಸಿ. ಲೀಸ್ 4 ಗಂಟೆಗೆ ಇಳಿಸಿ. ಕ್ಲೈಂಟುಗಳಿಗೆ ಗೆಸ್ಟ್ ವೈಫೈ ಮಾಡಿ, ನಿಮ್ಮಲ್ಲಿರುವುದು ಜನರ ತೆರಿಗೆ ಲೆಕ್ಕ ಅಲ್ವಾ, ಹೊರಗಿನ ಫೋನು ಅದೇ ನೆಟ್‌ವರ್ಕಿನಲ್ಲಿ ಇರಬಾರದು. ಇವತ್ತು ತುರ್ತು ರಿಟರ್ನ್ ಇದ್ದರೆ ಆ ಒಂದು ಸಿಸ್ಟಮ್ಮಿಗೆ ಫೋನಿನ ಹಾಟ್‌ಸ್ಪಾಟ್ ಕೊಡಿ. ರೂಟರ್ ಬದಲಾವಣೆಯನ್ನು ಸಂಜೆ ಎಲ್ಲರೂ ಎದ್ದ ಮೇಲೆ ಮಾಡಿ.