ಈಜು ಅರೆಬರೆ ಬರುತ್ತದೆ, ಕಮರಿಗೆ ಇಳಿಯಲು ಕರೆ ಬಂದಿದೆ: ಹೋಗಲೇ, ಬೇಡವೇ?

ಪ್ರಶ್ನೆ: ಬರ್ನ್‌ಗೆ ಹೊಸಬಳು

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಸ್ವಿಟ್ಜರ್ಲೆಂಡಿನ ಬರ್ನ್ ನಗರಕ್ಕೆ ಬಂದು ಒಂಬತ್ತು ತಿಂಗಳಾಯಿತು. ನಮ್ಮ ತಂಡದ ಆರು ಜನ ವಾರಾಂತ್ಯ ಬಂತೆಂದರೆ ಮನೆಯಲ್ಲಿ ನಿಲ್ಲುವವರಲ್ಲ. ಚಳಿಗಾಲವಿಡೀ ಹಿಮದ ಮೇಲಿದ್ದರು, ಈಗ ನೀರಿನ ಸರದಿ. ಜುಲೈ ಕೊನೆಯ ಶನಿವಾರ ಇಂಟರ್ಲಾಕೆನ್ ಹತ್ತಿರದ ಒಂದು ಕಮರಿಯಲ್ಲಿ ಕ್ಯಾನಿಯನಿಂಗ್‌ಗೆ ಹೊರಟಿದ್ದಾರೆ. ಬೆಟ್ಟದ ಹೊಳೆಯನ್ನೇ ದಾರಿ ಮಾಡಿಕೊಂಡು, ಹಗ್ಗ ಹಿಡಿದು ಇಳಿದು, ಬಂಡೆಯ ಮೇಲಿಂದ ಜಾರಿ, ಮಡುವಿಗೆ ಹಾರುತ್ತಾ ಕೆಳಗಿನವರೆಗೆ ಬರುವುದು. ನನ್ನನ್ನೂ ಕರೆದಿದ್ದಾರೆ. ಯಾವುದೇ ಸಂಸ್ಥೆಯ ಮೂಲಕ ಹೋಗುವುದಲ್ಲ. ಅವರಲ್ಲೊಬ್ಬ ಅದೇ ಕಮರಿಯಲ್ಲಿ ನಾಲ್ಕು ಸಲ ಇಳಿದಿದ್ದಾನೆ, ಹಗ್ಗ ಮತ್ತು ಹೆಲ್ಮೆಟ್‌ಗಳು ಅವನ ಬಳಿಯೇ ಇವೆ.

ಈಜುಕೊಳದಲ್ಲಿ ನಾನು 25 ಮೀಟರ್ ಈಜುತ್ತೇನೆ, ಕೊನೆಯ ನಾಲ್ಕೈದು ಮೀಟರ್ ಬರುವಾಗ ಏದುಸಿರು ಬಂದಿರುತ್ತದೆ. ಎತ್ತರದ ಭಯ ಅಷ್ಟಿಲ್ಲ. ತಣ್ಣೀರು ಮುಖಕ್ಕೆ ಬಡಿದರೆ ಮಾತ್ರ ಉಸಿರು ಕಟ್ಟಿದಂತಾಗುತ್ತದೆ.

ಹಾಗೆಂದು ಸುಮ್ಮನೆ ಕುಳಿತಿರಲೂ ಮನಸ್ಸಿಲ್ಲ. ಆಕಾಶ ತಿಳಿಯಾಗಿದ್ದ ದಿನ ಕಚೇರಿಯ ಕಿಟಕಿಯಿಂದ ಆಲ್ಪ್ಸ್ ಸಾಲು ಹೊಳೆಯುವುದು ಕಾಣುತ್ತದೆ. ಇಷ್ಟು ಹತ್ತಿರವಿದ್ದೂ ಬರೀ ನೋಡಿಕೊಂಡೇ ಎರಡು ವರ್ಷ ಕಳೆದರೆ ನನ್ನ ಮೇಲೆ ನನಗೇ ಬೇಸರವಾದೀತು. ಪರದೇಶದಲ್ಲಿ ಇಂಥದ್ದಕ್ಕೆ ಮೊದಲು ಕೈ ಹಾಕಿದವರು ಹೇಗೆ ಶುರು ಮಾಡಿದಿರಿ? ಏನಾದರೂ ಆದರೆ ವಿಮೆ ನೋಡಿಕೊಳ್ಳುತ್ತದೆಯೇ? ಈಗ ಬರುವುದಿಲ್ಲ ಎಂದರೆ ಇನ್ನು ಕರೆಯುವುದೇ ಇಲ್ಲವೇನೋ ಎಂಬ ಅಳುಕೂ ಇದೆ.

ಉತ್ತರ: ಟೂನ್ ದಂಡೆ

ಈ ಶನಿವಾರಕ್ಕೆ ಬೇಡ. ಮೊದಲು ಇದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಾನು ಬರ್ನ್ ಹತ್ತಿರದ ಟೂನ್ ಊರಿಗೆ ಬಂದು ಹನ್ನೆರಡು ವರ್ಷವಾಯಿತು. ಮೊದಲ ಬೇಸಿಗೆಯಲ್ಲಿ ಒಬ್ಬಳೇ ಒಂದು ಹೊಳೆಯ ದಂಡೆಗೆ ಹೋಗಿದ್ದೆ. ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ನಡುವೆ ಬೆಣಚುಕಲ್ಲಿನ ಒಂದು ದಿಬ್ಬವಿತ್ತು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಅಲ್ಲಿಗೆ ದಾಟಿದೆ, ಚಪ್ಪಟೆಯಾದ ಒಂದು ಕಲ್ಲಿನ ಮೇಲೆ ಬೂಟಿಟ್ಟು ಕುಳಿತೆ. ಬಿಸಿಲು ಚೆನ್ನಾಗಿತ್ತು, ಎಲ್ಲಿಯೂ ಮೋಡದ ಸುಳಿವಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಆಚೆ ದಂಡೆಯಿಂದ ಒಬ್ಬ ಹಿರಿಯರು ಏನೋ ಕೂಗಿದರು. ನನಗೆ ಆಗ ಜರ್ಮನ್ ಬರುತ್ತಿರಲಿಲ್ಲ, ಇಲ್ಲಿನವರ ಆಡುಮಾತಂತೂ ದೂರವೇ ಉಳಿಯಿತು. ವಂದಿಸುತ್ತಿದ್ದಾರೆಂದು ನಾನೂ ಕೈ ಬೀಸಿದೆ. ಅವರು ಎರಡೂ ಕೈಗಳಿಂದ 'ಬಾ, ಬಾ' ಎಂದು ಕರೆಯತೊಡಗಿದಾಗ ತಿರುಗಿ ನೋಡಿದೆ. ಬೂಟಿಟ್ಟ ಕಲ್ಲು ಅರ್ಧ ಮುಳುಗಿತ್ತು. ಬರುವಾಗ ಪಾದ ತೋಯಿಸಿದ್ದ ನೀರು ಹಿಂದಿರುಗುವಾಗ ತೊಡೆಯವರೆಗೆ ಬಂದಿತ್ತು. ಒಂದೊಂದು ಹೆಜ್ಜೆಗೂ ಕಾಲಡಿಯ ಕಲ್ಲುಗಳು ಉರುಳುವುದು ಅಂಗಾಲಿಗೆ ತಿಳಿಯುತ್ತಿತ್ತು.

ಹಿರಿಯರು ನನ್ನ ಮೊಣಕೈ ಹಿಡಿದು ದಂಡೆಗೆ ಎಳೆದುಕೊಂಡರು, ನಾಲ್ಕು ಹೆಜ್ಜೆ ಆಚೆ ಕರೆದೊಯ್ದು ಒಂದು ಹಳದಿ ಫಲಕ ತೋರಿಸಿದರು. ಮೇಲೆ ಜಲವಿದ್ಯುತ್ ಕೇಂದ್ರವಿದೆ, ಎಂಥ ಬಿಸಿಲಿದ್ದರೂ ನೀರು ಯಾವ ಕ್ಷಣದಲ್ಲಾದರೂ ಏರಬಹುದು ಎಂಬ ಎಚ್ಚರಿಕೆ ಅದರಲ್ಲಿತ್ತು. ಆ ಫಲಕದ ಪಕ್ಕದಲ್ಲೇ ನಾನು ಹಾದುಹೋಗಿದ್ದೆ.

ಇದನ್ನು ಇಷ್ಟುದ್ದ ಹೇಳಿದ್ದೇಕೆಂದರೆ, ನಿಮ್ಮ ಚಿಂತೆಯೆಲ್ಲ ಧೈರ್ಯ ಇದೆಯೋ ಇಲ್ಲವೋ ಎಂಬುದರ ಸುತ್ತ ತಿರುಗುತ್ತಿದೆ. ಅಂದು ನನಗೆ ಭಯವೇ ಇರಲಿಲ್ಲ, ಆ ನೀರಿನ ಸ್ವಭಾವ ಗೊತ್ತಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ಮಗು ಹತ್ತು ವರ್ಷಕ್ಕೆ ಕಲಿತಿರುವುದನ್ನು ನಾವು ದೊಡ್ಡವರಾದ ಮೇಲೆ ಒಂದೊಂದಾಗಿ ಕಲಿಯಬೇಕು. ಅದಕ್ಕೆ ಒಂದು ಬೇಸಿಗೆ ಹಿಡಿದರೆ ಹಿಡಿಯಲಿ.

ಇನ್ನು ಕ್ಯಾನಿಯನಿಂಗ್ ವಿಷಯ. ನಾನು ಅದನ್ನು ಮಾಡಿದ್ದೇನೆ, ಮತ್ತೆ ಕರೆದರೆ ಮತ್ತೆ ಹೋಗುತ್ತೇನೆ, ಅಷ್ಟು ಇಷ್ಟ. ತಣ್ಣೀರಿಗೆಂದೇ ತೊಡುವ ದಪ್ಪ ರಬ್ಬರಿನಂಥ ಉಡುಪು, ವೆಟ್‌ಸೂಟ್, ಅದರೊಳಗೆ ಹಿಮ ಕರಗಿದ ನೀರು ಮೊದಲು ಕುತ್ತಿಗೆಯ ಹತ್ತಿರ ನುಗ್ಗುತ್ತದೆ, ಬೆನ್ನಗುಂಟ ಇಳಿಯುತ್ತದೆ. ಒಂದೆರಡು ನಿಮಿಷ ಮಾತೇ ಹೊರಡುವುದಿಲ್ಲ. ಆಮೇಲೆ ಮೈಯ ಬಿಸಿಗೆ ಅದೇ ನೀರು ಬೆಚ್ಚಗಾಗುತ್ತದೆ. ಎರಡೂ ಕಡೆ ಬಂಡೆ, ತಲೆಯ ಮೇಲೆ ಪಟ್ಟಿಯಷ್ಟೇ ಆಕಾಶ, ನೀರಿನ ಸದ್ದಿಗೆ ಪಕ್ಕದವರ ಮಾತೂ ಕೇಳುವುದಿಲ್ಲ. ಗೈಡ್ ಕೈಸನ್ನೆಯಲ್ಲೇ ಎಲ್ಲವನ್ನೂ ಹೇಳುತ್ತಾರೆ. ಐದು ಮೀಟರ್ ಎತ್ತರದ ಒಂದು ಬಂಡೆಯ ಅಂಚಿನಲ್ಲಿ ನಾನು ತಲೆಯಾಡಿಸಿ 'ಆಗದು' ಎಂದೆ. ಆ ಹುಡುಗಿ, ನನ್ನ ಗೈಡ್, ಒಂದು ಮಾತಿಗೂ ಒತ್ತಾಯಿಸಲಿಲ್ಲ. ನನ್ನ ಸೊಂಟಕ್ಕೆ ಬಿಗಿದ ಪಟ್ಟಿಯ, ಅಂದರೆ ಹಾರ್ನೆಸ್ಸಿನ, ಕೊಂಡಿಯನ್ನು ಎರಡು ಸಲ ತಿರುವಿ ನೋಡಿ ಹಗ್ಗದಲ್ಲಿ ಇಳಿಸಿದಳು. ಒಂಟಿ ಹಗ್ಗದ ಆ ದಾರಿ ಮೊದಲೇ ಸಿದ್ಧವಾಗಿತ್ತು, ನನ್ನಂಥವರಿಗಾಗಿ.

ಎರಡನೆಯ ಸಲ ನಾವು ನೀರಿಗೇ ಇಳಿಯಲಿಲ್ಲ. ವಾಹನ ನಿಲ್ಲಿಸುವ ಜಾಗದಲ್ಲಿ ವೆಟ್‌ಸೂಟ್ ಅರ್ಧ ಏರಿಸಿಕೊಂಡಿದ್ದೆವು, ತಲೆಯ ಮೇಲೆ ನೀಲಿ ಆಕಾಶ. ಗೈಡ್ ಕಣಿವೆಯ ಹಿಂದಿನ ಏಣನ್ನು ತೋರಿಸಿ, ಅದರಾಚೆ ಕಪ್ಪಾಗಿದೆ, ಅಲ್ಲಿ ಬಿದ್ದ ಮಳೆ ಈ ಕಮರಿಗೇ ಬರುತ್ತದೆ ಎಂದು ಹೇಳಿ ಎಲ್ಲರನ್ನೂ ವಾಪಸು ಕರೆದುಕೊಂಡು ಹೋದರು. ಅಂದು ನನಗೆ ನಿರಾಸೆಯಾಯಿತು.

ಅದೇ ಸಂಜೆ ಮನೆಗೆ ಬಂದು 1999ರ ಜುಲೈ 27ರ ಕಥೆ ಓದಿದೆ. ಇಂಟರ್ಲಾಕೆನ್ ಪಕ್ಕದ ಸಾಕ್ಸೆಟೆನ್‌ಬಾಖ್ ಎಂಬ ಹೊಳೆ. ಮೇಲ್ಭಾಗದಲ್ಲಿ ಗುಡುಗು ಮಳೆ ಸುರಿದು ಕಮರಿಯೊಳಗೆ ದಿಢೀರ್ ಪ್ರವಾಹ ನುಗ್ಗಿತು. 18 ಪ್ರವಾಸಿಗರು, 3 ಗೈಡ್‌ಗಳು, ಒಟ್ಟು 21 ಜನ ಸತ್ತರು. ಬಹುತೇಕರು ಹೊರದೇಶದ ಯುವಜನರು, ಪ್ರವಾಸಕ್ಕೆಂದು ಇಲ್ಲಿಗೆ ಬಂದವರು. ನಾನು ಓದುತ್ತಾ ಓದುತ್ತಾ ಅತ್ತೆ. ಆಮೇಲೆ ಈ ದೇಶದಲ್ಲಿ ಬಹಳ ಚರ್ಚೆ ನಡೆದು, 2014ರ ಜನವರಿಯಿಂದ ಪರ್ವತ ಗೈಡ್‌ಗಳು ಮತ್ತು ಅಪಾಯದ ಚಟುವಟಿಕೆ ನಡೆಸುವವರ ಬಗ್ಗೆ ಪ್ರತ್ಯೇಕ ಕಾನೂನು ಜಾರಿಗೆ ಬಂತು. ಹಣ ಪಡೆದು ಜನರನ್ನು ಕಮರಿಗೆ ಇಳಿಸುವವರಿಗೆ ಪರವಾನಗಿ ಬೇಕು. ನಿಮ್ಮ ಸಹೋದ್ಯೋಗಿ ಸ್ನೇಹಕ್ಕಾಗಿ ಕರೆದೊಯ್ಯುತ್ತಿರುವುದರಿಂದ ಅದು ಅವನಿಗೆ ಅನ್ವಯಿಸುವುದಿಲ್ಲ. ಅಂದರೆ ಅವನನ್ನು ಪರೀಕ್ಷಿಸಿದವರು ಯಾರೂ ಇಲ್ಲ.

ಅವನು ಒಳ್ಳೆಯವನೇ ಇರಬಹುದು. ಆದರೂ ನೇರವಾಗಿ ಕೇಳಿ: ಈ ಹಿಂದೆ ಹೊರಟು ನಿಂತ ಮೇಲೆ ಹವಾಮಾನ ನೋಡಿ ಕೈಬಿಟ್ಟದ್ದು ಯಾವಾಗ? ಈ ಹೊಳೆಗೆ ನೀರು ಎಲ್ಲಿಂದ ಬರುತ್ತದೆ, ಮೇಲೆ ಒಡ್ಡು ಇದೆಯೇ? ನಡುವೆ ಎಲ್ಲಿ ಮೇಲೆ ಹತ್ತಿ ಹೊರಬರಬಹುದು? ನಾನು ಹಾರಲಾರೆ ಎಂದರೆ ನನ್ನನ್ನು ಇಳಿಸುವ ಹಗ್ಗ ಎಲ್ಲಿ ಕಟ್ಟುತ್ತೀಯ? ಮೊದಲನೆಯದಕ್ಕೆ ಉತ್ತರ ತಡವರಿಸಿದರೆ ನಾನಾದರೆ ಮುಂದೆ ಕೇಳುವುದಿಲ್ಲ.

ಶುರು ಮಾಡುವುದು ಹೇಗೆ ಎಂದಿರಿ. ನಿಮ್ಮ ಊರಿನ ನಡುವೆಯೇ ಆರೆ ನದಿ ಹರಿಯುತ್ತದೆ. ಬೇಸಿಗೆಯಲ್ಲಿ ಕಚೇರಿ ಮುಗಿಸಿ ಐಖ್‌ಹೋಲ್ಟ್ಸ್‌ನಲ್ಲಿ ಇಳಿದು ಮಾರ್ಟ್ಸಿಲಿವರೆಗೆ ತೇಲಿ ಬರುವವರನ್ನು ನೋಡಿರುತ್ತೀರಿ. ನೀವು ಈಗಲೇ ಇಳಿಯಬೇಡಿ. ಆ ದಂಡೆಯಲ್ಲಿ ನಡೆಯಿರಿ. ಹೊರಬರುವ ಮೆಟ್ಟಿಲುಗಳ ಪಕ್ಕ ಕೆಂಪು ಕಂಬಿಗಳಿವೆ. ಈಜುಗಾರರು ಆ ಕಂಬಿ ಎದುರಿಗೆ ಬಂದ ಮೇಲೆ ಅದರತ್ತ ತಿರುಗುವುದಿಲ್ಲ, ಬಹಳ ಮೊದಲೇ ದಂಡೆಗೆ ಸರಿದಿರುತ್ತಾರೆ, ಏಕೆಂದರೆ ಸೆಳವು ಕಾಯುವುದಿಲ್ಲ. ಮುಂದೆ ಅಡ್ಡಗಟ್ಟೆಯಿದೆ, ಅಲ್ಲಿಗೆ ಹೋಗಕೂಡದು. ಅಪರಿಚಿತ ಹರಿವನ್ನು ಮೊದಲು ದಂಡೆಯಿಂದ ನೋಡಿಕೊಳ್ಳಬೇಕು ಎಂಬುದು ಇಲ್ಲಿನ ಜೀವರಕ್ಷಕರ ನಿಯಮಗಳಲ್ಲೊಂದು. ಒಂದು ಗಂಟೆ ಕುಳಿತು ನೋಡಿದರೆ ನೀರು ಎಲ್ಲಿ ಎಳೆಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಕಣ್ಣಿಗೆ ಹತ್ತುತ್ತದೆ. ಜೊತೆಗೆ ಈಜುಕೊಳದಲ್ಲಿ ಸರಿಯಾದ ತರಬೇತಿ. ಏದುಸಿರಿಲ್ಲದೆ 400 ಮೀಟರ್ ಈಜುವಂತಾದಾಗ ನನಗೆ ಬರೆಯಿರಿ, ಆರೆಗೆ ನಾನೇ ಜೊತೆಗೆ ಇಳಿಯುತ್ತೇನೆ.

ಉತ್ತರ: ಎರಡು ಕೊಂಡಿ

ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ನಿಮಗೆ ಎತ್ತರದ ಭಯವಿಲ್ಲ ಎಂದಿದ್ದೀರಿ, ಹಾಗಾದರೆ ನೀರನ್ನೇ ಏಕೆ ಹಿಡಿದುಕೊಂಡಿದ್ದೀರಿ? ವಿಯಾ ಫೆರಾಟಾ ಎಂಬುದಿದೆ. ಕಡಿದಾದ ಬಂಡೆಗೆ ಉಕ್ಕಿನ ಹಗ್ಗ, ಕಬ್ಬಿಣದ ಮೆಟ್ಟಿಲು ಬಡಿದು ಮಾಡಿದ ದಾರಿ. ನಿಮ್ಮ ಹಾರ್ನೆಸ್ಸಿನಿಂದ ಎರಡು ಕೊಂಡಿಗಳು ಹೊರಟು ಆ ಉಕ್ಕಿನ ಹಗ್ಗಕ್ಕೆ ಸೇರಿರುತ್ತವೆ. ಹಗ್ಗವನ್ನು ಬಂಡೆಗೆ ಬಿಗಿದ ಜಾಗ ಬಂದಾಗ ಒಂದನ್ನು ಬಿಚ್ಚಿ ಆಚೆ ಹಾಕಬೇಕು, 'ಟಕ್' ಎಂದು ಮುಚ್ಚಿದ ಸದ್ದು ಕೇಳಿದ ಮೇಲೆ ಎರಡನೆಯದು. ಯಾವ ಗಳಿಗೆಯಲ್ಲೂ ಎರಡೂ ಬಿಚ್ಚಿರಬಾರದು. ದಿನದ ಕೊನೆಗೆ ಬೆರಳುಗಳು ತಾವಾಗಿಯೇ ಅದನ್ನು ಮಾಡುತ್ತಿರುತ್ತವೆ.

ಇಂಟರ್ಲಾಕೆನ್ ಕಡೆಯ ಬೆಟ್ಟದೂರು ಮ್ಯೂರೆನ್‌ನಿಂದ ಪಕ್ಕದ ಗಿಮ್ಮೆಲ್‌ವಾಲ್ಡ್‌ಗೆ 2.2 ಕಿಲೋಮೀಟರ್ ಉದ್ದದ ಅಂಥ ದಾರಿಯಿದೆ. ಅದರಲ್ಲಿ ಒಂದು ಕಡೆ ಬಂಡೆಗೆ ಚುಚ್ಚಿದ ಕಬ್ಬಿಣದ ಸರಳುಗಳ ಮೇಲೆ ಅಡ್ಡವಾಗಿ ನಡೆಯಬೇಕು. ಬೂಟಿನ ಎರಡೂ ಬದಿಯಲ್ಲಿ ಲೌಟರ್‌ಬ್ರುನ್ನೆನ್ ಕಣಿವೆಯ ತಳ ಕಾಣುತ್ತದೆ, ಅಲ್ಲಿನ ಮನೆಗಳು ಬೆಂಕಿಪೊಟ್ಟಣದಂತೆ. ನಾನು ಅಲ್ಲಿ ನಿಂತಾಗ ಎದೆ ಝಲ್ಲೆಂದಿತು, ಆಮೇಲೆ ಎಂದೂ ಆಗದಷ್ಟು ಸಂತೋಷವಾಯಿತು. ಮೊದಲ ಸಲ ಗೈಡ್ ಜೊತೆಗೇ ಹೋಗಿ. ಕೊಂಡಿ ಇದೆಯೆಂದು ಬಿದ್ದರೆ ಏನೂ ಆಗದು ಎಂದುಕೊಳ್ಳಬೇಡಿ. ಬಿದ್ದವರು ಹಿಂದಿನ ಬಿಗಿತದವರೆಗೆ ಜಾರಿ ಅಲ್ಲಿ ನಿಲ್ಲುತ್ತಾರೆ, ಆ ಹೊಡೆತ ಜೋರಾಗಿರುತ್ತದೆ. ಅದನ್ನು ತಗ್ಗಿಸಲೆಂದೇ ಕೊಂಡಿಗಳನ್ನು ಹಾರ್ನೆಸ್ಸಿಗೆ ಜೋಡಿಸುವ ಪಟ್ಟಿಯಲ್ಲಿ, ಹೊಡೆತ ಬಿದ್ದಾಗ ಕಿತ್ತುಬರುವ ಹೊಲಿಗೆ ಇರುತ್ತದೆ. ಒಮ್ಮೆ ಹೊಲಿಗೆ ಕಿತ್ತ ಪಟ್ಟಿಯನ್ನು ಮತ್ತೆ ಬಳಸುವಂತಿಲ್ಲ. ಬಾಡಿಗೆಗೆ ತಂದಾಗ ಆ ಪಟ್ಟಿಯನ್ನು ಮಡಚಿಟ್ಟ ಚೀಲ ಬಿಚ್ಚಿ ನೋಡಿ.

ಗುಡುಗಿನ ಮುನ್ಸೂಚನೆಯಿದ್ದ ದಿನ ಕಬ್ಬಿಣದ ದಾರಿಗೆ ಹೋಗಲೇಬೇಡಿ.

ಉತ್ತರ: ಕಡತದವನು

ವಿಮೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಒಬ್ಬ ಉದ್ಯೋಗದಾತರ ಬಳಿ ವಾರಕ್ಕೆ 8 ಗಂಟೆ ಅಥವಾ ಹೆಚ್ಚು ಕೆಲಸ ಮಾಡುವವರಿಗೆ ಇಲ್ಲಿ ಬಿಡುವಿನ ವೇಳೆಯ ಅಪಘಾತಗಳ ವಿಮೆ ಕಡ್ಡಾಯವಾಗಿ ಇರುತ್ತದೆ, ನಿಮಗೂ ಇರಬೇಕು. ಚಿಕಿತ್ಸೆಯ ವೆಚ್ಚ ಅದರಿಂದ ಬರುತ್ತದೆ. ಆದರೆ ಅತಿ ಅಪಾಯಕಾರಿ ಎಂದು ಪರಿಗಣಿಸಿದ ಸಾಹಸದಲ್ಲಿ, ಅಥವಾ ಕ್ಯಾನಿಯನಿಂಗ್‌ನಂಥದ್ದರಲ್ಲಿ ವಾಡಿಕೆಯ ಎಚ್ಚರಿಕೆಗಳನ್ನು ಗಾಳಿಗೆ ತೂರಿ ಗಾಯಗೊಂಡರೆ, ನಗದು ಪರಿಹಾರವನ್ನು ಅರ್ಧಕ್ಕೆ ಇಳಿಸಬಹುದು, ತೀರಾ ಗಂಭೀರವಾದರೆ ನಿರಾಕರಿಸಲೂಬಹುದು. ಗುಡುಗಿನ ಎಚ್ಚರಿಕೆ ಇದ್ದ ದಿನ ಕಮರಿಗೆ ಇಳಿದವರು ಇದನ್ನು ನೆನಪಿಡಬೇಕು. ಉದ್ಯೋಗವಿಲ್ಲದ ಸಂಗಾತಿ ಜೊತೆಗಿದ್ದರೆ ಅವರ ಆರೋಗ್ಯ ವಿಮೆಯಲ್ಲಿ ಅಪಘಾತ ಸೇರಿದೆಯೇ ನೋಡಿಕೊಳ್ಳಿ. ಕೆಲವೇ ದಿನಕ್ಕೆ ಬರುವ ನೆಂಟರ ಪ್ರವಾಸ ವಿಮೆಯಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುವುದು ಸಾಮಾನ್ಯ, ಆ ಪುಟವನ್ನು ಓದಿಸಿಯೇ ಹೊರಡಿಸಿ.

ಹೆಲಿಕಾಪ್ಟರ್ ರಕ್ಷಣೆಗೆ ರೇಗಾ ಸಂಸ್ಥೆಯ ಸಂಖ್ಯೆ 1414. ಹೆಲಿಕಾಪ್ಟರ್ ಹತ್ತಿರ ಬಂದಾಗ ಎರಡೂ ಕೈಗಳನ್ನು ಮೇಲೆತ್ತಿದರೆ 'ನೆರವು ಬೇಕು' ಎಂದರ್ಥ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇದ್ದರೆ 'ಬೇಡ'. ಸ್ನೇಹದಿಂದ ಒಂದೇ ಕೈ ಬೀಸಬೇಡಿ.

ಪ್ರಶ್ನೆ ಕೇಳಿದವರು: ಬರ್ನ್‌ಗೆ ಹೊಸಬಳು

ಮೂವರಿಗೂ ಮನಸಾರೆ ಧನ್ಯವಾದ. ಆ ನಾಲ್ಕು ಪ್ರಶ್ನೆಗಳನ್ನು ಇಂದು ಸಹೋದ್ಯೋಗಿಗೆ ಕೇಳಿದೆ. ಮೊದಲನೆಯದಕ್ಕೆ ಅವನು ತಕ್ಷಣ ಉತ್ತರಿಸಿದ, ಹೋದ ವರ್ಷ ಜೂನ್‌ನಲ್ಲಿ ಹೊರಟು ವಾಪಸಾಗಿದ್ದನಂತೆ. ನಾಲ್ಕನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಎರಡು ಕಡೆ ಹಾರುವುದನ್ನು ಬಿಟ್ಟು ಬೇರೆ ದಾರಿಯೇ ಇಲ್ಲ, ನೀನು ಈ ಸಲ ಬರಬೇಡ ಎಂದು ಅವನೇ ಹೇಳಿದ. ಕೇಳಿದ್ದಕ್ಕೆ ಬೇಸರಿಸಿಕೊಳ್ಳಲಿಲ್ಲ. ಆಗಸ್ಟ್‌ನಲ್ಲಿ ಮ್ಯೂರೆನ್‌ಗೆ ಗೈಡ್ ಜೊತೆ ಹೋಗೋಣವೇ ಎಂದು ನಾನು ಕೇಳಿದೆ, ಇಬ್ಬರು ಬರುತ್ತೇವೆಂದರು.

ಈಜಿನ ತರಗತಿಗೆ ಹೆಸರು ಬರೆಸಿದ್ದೇನೆ, ಮಂಗಳವಾರ ಮತ್ತು ಗುರುವಾರ. ಸಂಜೆ ಆರೆ ದಂಡೆಯಲ್ಲಿ ಕುಳಿತು ನೋಡಿಬಂದೆ. ಒಬ್ಬ ಅಜ್ಜಿ, ಎಪ್ಪತ್ತು ದಾಟಿರಬೇಕು, ಕೆಂಪು ಕಂಬಿಗೆ ಇನ್ನೂ ಮೂವತ್ತು ಮೀಟರ್ ಇರುವಾಗಲೇ ದಂಡೆಗೆ ಸರಿದು, ಕೈ ಚಾಚಿ ಹಿಡಿದು, ಅವಸರವಿಲ್ಲದೆ ಮೆಟ್ಟಿಲೇರಿದರು.

ಉತ್ತರ: ಟೂನ್ ದಂಡೆ

ಅವರು ಕಂಬಿಯನ್ನು ಯಾವ ಕೈಯಲ್ಲಿ ಹಿಡಿದರು, ಹಿಡಿದ ಮೇಲೆ ಕಾಲನ್ನು ಎಲ್ಲಿ ಊರಿದರು ಎಂಬುದನ್ನು ನಾಳೆ ಹೋದಾಗ ಗಮನಿಸಿ. ಹಿಡಿದ ಕೂಡಲೇ ಕಾಲುಗಳನ್ನು ಸೆಳವು ಕೆಳಕ್ಕೆ ಎಳೆಯುತ್ತದೆ, ಹೊಸಬರು ಅಲ್ಲೇ ಗಾಬರಿಯಾಗುವುದು.