ಪೊಲೀಸರಿಗೆ ಹೆದರಿ ಓಡಿಸಿದ ವಾಹನ, ದಾರಿಯಲ್ಲಿ ಹೋದ ಜೀವ

ಪ್ರಶ್ನೆ (ಗದಗ): ವಕೀಲರಿಗೆ ನಮಸ್ಕಾರ. ನನ್ನ ಅಕ್ಕನ ಮಗ ಟಂಟಂ ಓಡಿಸುತ್ತಾನೆ. ಲೈಸೆನ್ಸ್ ಅವಧಿ ಮುಗಿದಿದ್ದರಿಂದ, ಮುಳಗುಂದ ರಸ್ತೆಯಲ್ಲಿ ಪೊಲೀಸರು ಕೈ ತೋರಿಸಿದರೂ ನಿಲ್ಲಿಸದೆ ಓಣಿಯೊಳಗೆ ನುಗ್ಗಿಸಿದ. ಸೈಕಲ್ಲಿಗೆ ಮೇವಿನ ಹೊರೆ ಕಟ್ಟಿಕೊಂಡು ಬರುತ್ತಿದ್ದ ಹಿರಿಯರೊಬ್ಬರಿಗೆ ಬಡಿದು, ಅವರು ಅದೇ ರಾತ್ರಿ ತೀರಿಕೊಂಡರು. ಇದು ಕೊಲೆಯಾಗುತ್ತದೆಯೇ? ಪಕ್ಕದಲ್ಲಿ ಕುಳಿತಿದ್ದ ಗೆಳೆಯನ ಮೇಲೂ ಪ್ರಕರಣ ಬರುತ್ತದೆಯೇ?

ಉತ್ತರ (ಧಾರವಾಡದ ವಕೀಲರು): ನಮಸ್ಕಾರ. ಅಮೆರಿಕದ ಹಲವು ರಾಜ್ಯಗಳಲ್ಲಿ ಘೋರ ಅಪರಾಧ ಮಾಡಿ ಓಡುವಾಗ ಯಾರಾದರೂ ಸತ್ತರೆ, ಕೊಲ್ಲುವ ಉದ್ದೇಶವಿಲ್ಲದಿದ್ದರೂ ಕೊಲೆ ಎಂದೇ ವಿಚಾರಣೆ ನಡೆಯಬಹುದು. ನಮ್ಮಲ್ಲಿ ಅಂಥ ನಿಯಮವಿಲ್ಲ. ಓಡಿದ್ದು ಬೇರೆ ತಪ್ಪು. ಸಾವಿನ ಹೊಣೆಯನ್ನು ನಿರ್ಧರಿಸುವುದು ಆ ಕ್ಷಣದಲ್ಲಿ ಚಾಲಕನ ಮನಸ್ಸಿನಲ್ಲಿದ್ದ ತಿಳಿವಳಿಕೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 106(1) ದುಡುಕು ಅಥವಾ ನಿರ್ಲಕ್ಷ್ಯದಿಂದಾದ ಸಾವಿಗೆ 5 ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಅದಕ್ಕೂ ಮೊದಲಿದ್ದ ಭಾರತೀಯ ದಂಡ ಸಂಹಿತೆಯ (ಐಪಿಸಿ) 304ಎ ಕಲಮಿನಲ್ಲಿ ಅದು 2 ವರ್ಷವಿತ್ತು. ಇದು ಜಾಮೀನು ಸಿಗುವ ಅಪರಾಧ. ಆದರೆ ಈ ವೇಗದಲ್ಲಿ ನುಗ್ಗಿದರೆ ಜೀವ ಹೋಗಬಹುದೆಂದು ತಿಳಿದೂ ನುಗ್ಗಿಸಿದನೆಂದು ಸಾಬೀತಾದರೆ ಕಲಂ 105ರ ಪ್ರಕಾರ ಕೊಲೆ ಎನಿಸದ ದಂಡನೀಯ ನರಹತ್ಯೆಯಾಗಿ, 10 ವರ್ಷದವರೆಗೆ ಶಿಕ್ಷೆಯಾಗಬಹುದು. ಅದಕ್ಕೆ ಜಾಮೀನು ಸುಲಭವಲ್ಲ, ವಿಚಾರಣೆಯೂ ಸೆಷನ್ಸ್ ನ್ಯಾಯಾಲಯದಲ್ಲಿ. 2006ರಲ್ಲಿ ಮುಂಬೈಯ ಬಾಂದ್ರಾದಲ್ಲಿ ಕುಡಿದು ಕಾರು ಹತ್ತಿಸಿ, ಮಲಗಿದ್ದ 7 ಕೂಲಿಕಾರರ ಸಾವಿಗೆ ಕಾರಣನಾದ ಅಲಿಸ್ಟರ್ ಪರೇರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಇದೇ ತರ್ಕದಿಂದ ನರಹತ್ಯೆಯ ಶಿಕ್ಷೆಯನ್ನು ಎತ್ತಿಹಿಡಿಯಿತು.

ಆದ್ದರಿಂದ ನಿಮ್ಮ ಅಳಿಯನ ಪ್ರಕರಣ ನಿಲ್ಲುವುದು ಆ ಓಣಿಯ ಮೇಲೆ: ಅದರ ಅಗಲ ಎಷ್ಟು, ಜನ ಎಷ್ಟಿದ್ದರು, ಬ್ರೇಕಿನ ಗುರುತು ಎಲ್ಲಿಂದ ಶುರುವಾಗಿದೆ, ಹಾರ್ನ್ ಕೇಳಿದವರು ಯಾರು. ಸ್ಥಳ ಪಂಚನಾಮೆಯಲ್ಲಿ ಇವು ಸರಿಯಾಗಿ ಬಂದಿವೆಯೇ ಎಂದು ವಕೀಲರು ಬೇಗ ನೋಡಲಿ. ಅವನು ತಲೆಮರೆಸಿಕೊಂಡಿದ್ದರೆ ಇಂದೇ ವಕೀಲರೊಂದಿಗೆ ಹೋಗಿ ಹಾಜರಾಗಲಿ.

ಗೆಳೆಯ ಸುಮ್ಮನೆ ಕುಳಿತಿದ್ದರೆ ಸಾವಿನ ಹೊಣೆ ಅವನದಲ್ಲ. “ನಿಲ್ಲಿಸಬ್ಯಾಡ, ಹೊಡಿ” ಎಂದು ಹುರಿದುಂಬಿಸಿದ್ದನೆಂದು ಸಾಕ್ಷಿ ಬಂದರೆ ಪ್ರಚೋದನೆಯ ಆರೋಪ ಬರಬಹುದು.

ಪ್ರಶ್ನೆ (ಹಾವೇರಿ): ಸರ್, ಹೀಗೆ ನಿಲ್ಲಿಸದೆ ಓಡುವ ವಾಹನವನ್ನು ಪೊಲೀಸರು ಬೆನ್ನಟ್ಟಿದಾಗ ಸಾವಾದರೆ, ಅವರಿಗೆ ಯಾವ ಹೊಣೆಯೂ ಇಲ್ಲವೇ?

ಉತ್ತರ: ಪೊಲೀಸರು ಹಿಂದೆ ಬಂದರು ಎಂಬುದರಿಂದ ಚಾಲಕನ ತಪ್ಪು ಕಡಿಮೆಯಾಗುವುದಿಲ್ಲ. ಆದರೆ ಬೆನ್ನಟ್ಟುವ ಭರದಲ್ಲಿ ಪೊಲೀಸ್ ಜೀಪೇ ಎಚ್ಚರಗೇಡಿತನದಿಂದ ಯಾರಿಗಾದರೂ ಬಡಿದು ಸಾವಾದರೆ, ಅದೇ ಕಲಂ 106(1) ಆ ಚಾಲಕನಿಗೂ ಅನ್ವಯಿಸುತ್ತದೆ. ಲೈಸೆನ್ಸಿನಂಥ ಸಣ್ಣ ತಪ್ಪಿಗೆ ಜನವಸತಿಯೊಳಗೆ ಬೆನ್ನಟ್ಟುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ವಾಹನದ ನಂಬರ್ ಬರೆದುಕೊಂಡರೆ ಮಾಲೀಕನ ಮನೆಗೇ ನೋಟಿಸ್ ಹೋಗುತ್ತದೆ.