ನಾಸಿಕ, ಆಗ್ರಾ ಇಳಿದು ದೆಹಲಿಗೆ: ಒಂದೇ ಟಿಕೆಟ್ ಸಾಕೇ?

ಪ್ರಶ್ನೆ (ಬದಿಯಡ್ಕದಿಂದ): ಅಣ್ಣಾ, ನೀವು ಟಿಕೆಟ್ ಕೌಂಟರಿನಲ್ಲಿದ್ದವರು, ಹೇಳಿ. ಅಮ್ಮನಿಗೆ 69. ಕಾಸರಗೋಡಿನಿಂದ ದೆಹಲಿಗೆ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಒಂದೇ ಓಟಕ್ಕೆ ಹೋಗಲು ಅವರಿಂದಾಗದು. ಉಡುಪಿ, ನಾಸಿಕ, ಆಗ್ರಾಗಳಲ್ಲಿ ಇಳಿದು ಹೋಗೋಣ ಎಂದಿದ್ದೇವೆ. ಮೊಬೈಲಿನಲ್ಲಿ ನಾಲ್ಕು ಟಿಕೆಟ್ ತೆಗೆಯಲೇ?

ಉತ್ತರ: ಬೇಡ ಅಕ್ಕ. ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುತ್ತದೆ; ತುಂಡು ಮಾಡಿದರೆ ಆ ಲಾಭ ಹೋಯಿತು. ಕೌಂಟರಿನಲ್ಲಿ ದೆಹಲಿವರೆಗೆ ಒಂದೇ ಟಿಕೆಟ್ ಕೇಳಿ. ಫಾರಂನ ಕೆಳಗೆ ಮುಂದಿನ ಪ್ರಯಾಣದ ವಿವರಕ್ಕೆ ಜಾಗವಿದೆ, ಎಲ್ಲಿ ಇಳಿದು ಯಾವ ದಿನ ಯಾವ ರೈಲು ಹತ್ತುತ್ತೀರೆಂದು ಬರೆಯಿರಿ. ಹೀಗೆ ಒಂದೇ ಟಿಕೆಟ್ಟಿನಲ್ಲಿ ನಡುವೆ ಇಳಿದು ಮುಂದುವರಿಯುವುದಕ್ಕೆ ‘ಬ್ರೇಕ್ ಜರ್ನಿ’ ಎನ್ನುತ್ತಾರೆ; ಮಲಯಾಳದಲ್ಲಿ ಮಾತನಾಡಿದರೂ ಆ ಪದವನ್ನೇ ಹೇಳಿ. ಅನುವಾದಿಸಿದರೆ ಗುಮಾಸ್ತರು ಕಣ್ಣುಕಣ್ಣು ಬಿಡುತ್ತಾರೆ. ರಿಸರ್ವೇಶನ್ ಶುಲ್ಕ ಮಾತ್ರ ಪ್ರತಿ ರೈಲಿಗೂ ಬೇರೆ.

ಉಡುಪಿ ಬಿಡಿ. ಮೊದಲ ಇಳಿತ 500 ಕಿ.ಮೀ. ಕಳೆದ ಮೇಲೆಯೇ. ಕೃಷ್ಣನ ದರ್ಶನಕ್ಕೆ ಇನ್ನೊಂದು ದಿನ ಬಸ್ಸಿನಲ್ಲಿ ಹೋಗಿಬನ್ನಿ. 1,000 ಕಿ.ಮೀ. ಮೀರಿದ ಟಿಕೆಟ್ಟಿಗೆ ಎರಡು ಇಳಿತ ಸಿಗುತ್ತವೆ, ನಿಮಗೆ ಅಷ್ಟೇ ಬೇಕು. ರಾಜಧಾನಿಯಂಥ ರೈಲುಗಳಿಗೆ ಈ ಸೌಲಭ್ಯವಿಲ್ಲ.

ಪ್ರಶ್ನೆ: ನಾಸಿಕದಲ್ಲಿ ಎಷ್ಟು ದಿನ ನಿಲ್ಲಬಹುದು? ತ್ರ್ಯಂಬಕೇಶ್ವರಕ್ಕೂ ಹೋಗಬೇಕು.

ಉತ್ತರ: ಇಳಿದ ದಿನ, ಹತ್ತುವ ದಿನ ಬಿಟ್ಟು ಎರಡು ದಿನ. ಸೋಮವಾರ ಇಳಿದರೆ ಗುರುವಾರ ಹತ್ತಬಹುದು. ಆದರೆ ಹಾಗೆ ಹೋದರೆ ಆಗ್ರಾ ತಲುಪುವುದು ಶುಕ್ರವಾರ, ಅಂದು ತಾಜಮಹಲಿಗೆ ರಜೆ! ಶನಿವಾರಕ್ಕೆ ಇಟ್ಟುಕೊಳ್ಳಿ.

ನಾಸಿಕ ರೋಡಿನಲ್ಲಿ ಇಳಿದ ಕೂಡಲೇ ಸ್ಟೇಷನ್ ಮಾಸ್ತರರಿಂದಲೋ ಟಿಕೆಟ್ ಕಲೆಕ್ಟರರಿಂದಲೋ ಅಲ್ಲಿ ಇಳಿದದ್ದನ್ನು ಟಿಕೆಟ್ ಮೇಲೆ ಬರೆಸಿ, ಸಹಿ ಹಾಕಿಸಿ. ಆಟೊದವರು ಸುತ್ತುಗಟ್ಟುವ ಮೊದಲೇ ಈ ಕೆಲಸ ಆಗಬೇಕು. ನಮ್ಮ ಕೌಂಟರಿನಿಂದಲೇ ಹೋದ ದಂಪತಿ ಇದನ್ನು ಮರೆತು, ಮುಂದಿನ ರೈಲಿನಲ್ಲಿ ಅರ್ಧ ರಾತ್ರಿ ವಾದಿಸುತ್ತ ಕುಳಿತಿದ್ದರಂತೆ. ಆಗ್ರಾದಲ್ಲೂ ಹೀಗೆಯೇ.

ಇನ್ನೊಬ್ಬರು (ಕುಂಬಳೆಯಿಂದ): ನಾವು ಬರುವಾಗ ಚೆನ್ನೈ ದಾರಿಯಾಗಿ ಬರುವವರು. ಎರಡಕ್ಕಿಂತ ಹೆಚ್ಚು ಇಳಿತ ಸಿಗುತ್ತದೆಯೇ ಅಣ್ಣಾ?

ಉತ್ತರ: ಹಾಗಾದರೆ ಸರ್ಕ್ಯುಲರ್ ಟಿಕೆಟ್ ನೋಡಿ. ಹೊರಟ ನಿಲ್ದಾಣಕ್ಕೇ ಬೇರೆ ದಾರಿಯಲ್ಲಿ ಮರಳಬೇಕು, ಎಂಟು ಕಡೆ ಇಳಿಯಬಹುದು. ದಾರಿಯ ಪಟ್ಟಿ ಬರೆದು ಪಾಲಕ್ಕಾಡ್ ವಿಭಾಗದ ವಾಣಿಜ್ಯ ಕಚೇರಿಗೆ ಅರ್ಜಿ ಕೊಡಿ. ಬರ್ತ್ ಕಾಯ್ದಿರಿಸುವುದು 60 ದಿನ ಮೊದಲೇ ತೆರೆಯುತ್ತದೆ. ಅರ್ಜಿ ಅದಕ್ಕೂ ಮುಂಚೆ ಹೋಗಿರಲಿ.